ಗೋಲಿ ಮೆಷಿನ್ನಿನ ಎರಡನೇ ಅಂಕಿ

ಇಬ್ಬರು ಆಡಿದ್ದಾರೆ. ಮಾಲಿನಿಗೆ ಅನುಮಾನವೇ ಉಳಿಯಲಿಲ್ಲ. ಬೆಳಿಗ್ಗೆ ಅವಳೇ ಗೋಲಿ ಮೆಷಿನ್ನಿನ ಗಾಜು ಒರೆಸಿದಾಗ ಎರಡನೇ ಆಟಗಾರನ ಅಂಕಿ ಸೊನ್ನೆಯಲ್ಲಿತ್ತು. ಈಗ ಕೊಳ್ಳೇಗಾಲದಿಂದ ಬಂದು ನೋಡಿದರೆ ನಲವತ್ತು ಸಾವಿರ ದಾಟಿದೆ.

"ಯಾರ್ ಜೊತೆ ಆಡುದ್ರಿ?"

"ಒಬ್ನೇ ಕಣಮ್ಮಿ," ಎಂದ ಗಂಡ ಶಾಂತಮೂರ್ತಿ. ತಲೆ ಎತ್ತಲಿಲ್ಲ.

ಮೈಸೂರಿನಲ್ಲಿ ಬಾಗಿಲು ಮುಚ್ಚಿದ ಕ್ಲಬ್ಬೊಂದರಿಂದ ಅವನು ಲಾರಿಯಲ್ಲಿ ಹೇರಿಸಿಕೊಂಡು ಬಂದ ಮೆಷಿನ್ನು ಅದು. ಮೈತುಂಬ ಹುಲಿಬೇಟೆಯ ಚಿತ್ರ. ಉಕ್ಕಿನ ಗೋಲಿ ಹುಲಿಯ ಬಾಯಿಗೆ ತಗುಲಿದರೆ ಟಣ್ಣೆಂದು ಗಂಟೆ. ಗೋಲಿ ಕೆಳಗೆ ಜಾರದಂತೆ ಎಡಕ್ಕೊಂದು ಬಲಕ್ಕೊಂದು ಗುಂಡಿ ಒತ್ತುತ್ತಲೇ ಇರಬೇಕು. ಕುಂತೂರಿನಲ್ಲಿ ಕಬ್ಬು ಬೆಳೆದು ಕಾಸು ಕಂಡವರು ಬೇಕಾದಷ್ಟು ಮಂದಿ. ಉಗ್ರಾಣ ಖಾಲಿ ಮಾಡಿ ಆಟದ ಕೋಣೆ ಮಾಡಿಕೊಂಡ ಮಹಾರಾಯ ಇವನೊಬ್ಬನೇ. ನೋಡಲು ಬಂದ ಪಕ್ಕದ ಮನೆಯ ಪುಷ್ಪ ಅಗತ್ಯಕ್ಕಿಂತ ಹೆಚ್ಚೇ ನಕ್ಕು ಹೋಗಿದ್ದಳು.

ಜಗಳಕ್ಕೆ ಪುರುಸೊತ್ತೆಲ್ಲಿ? ಆರು ವರ್ಷ ಕಾದ ಮೇಲೆ ಮಾಲಿನಿಗೆ ಹನೂರಿನ ಶಾಲೆಯಲ್ಲಿ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಅದೇ ವಾರ ಮಾವ ಕೆಂಪನಂಜಪ್ಪನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಡಾಕ್ಟರು ಬೇಡ ಎಂದು ಹಟ ಹಿಡಿದರು. ಕೊಳ್ಳೇಗಾಲದ ನಾಟಿ ಎಣ್ಣೆಯೇ ಆಗಬೇಕು. ಅದನ್ನು ತರಲು ವಾರಕ್ಕೆರಡು ಸಲ ಬಸ್ಸು ಹತ್ತುವವಳೂ ಅವಳೇ. ಎಡಗೈಯಲ್ಲಿ ಉಣ್ಣುವುದುಂಟೇ? ತುತ್ತು ಅವಳೇ ಇಡಬೇಕು. ಪೂಜೆಯ ಹೊತ್ತಿಗೆ ಅವರ ಬಲಗೈ ಎತ್ತಿ ಹಿಡಿದು, ಎಡ ಅಂಗೈಯ ಲಿಂಗಕ್ಕೆ ಹೂವೇರಿಸಬೇಕು.

"ನೀವೇ ಉಣ್ಸಿ, ನಾನು ಕೆಲ್ಸಕ್ ಓಯ್ತೀನಿ," ಎಂದು ಗಂಡನನ್ನು ಒಮ್ಮೆ ಕೇಳಿದ್ದಳು.

"ಗಂಡಸ್ರ ಕೈಲಿ ಅದೆಲ್ಲ ಆದದಾ?"

ಮಾವ ಮಾತ್ರ ತುತ್ತಿಗೊಂದು ಹನಿ ಕಣ್ಣೀರು ಹಾಕುತ್ತಿದ್ದರು. "ನನ್ನಿಂದ ನಿನ್ ಕೆಲ್ಸ ಓಯ್ತಲ್ಲ ಕಣವ್ವಾ." ಅವಳು ಸೆರಗಿನಿಂದ ಅವರ ಕಣ್ಣೊರೆಸಿ ಮುಂದಿನ ತುತ್ತು ಇಡುತ್ತಿದ್ದಳು.

ಕೆಲಸಕ್ಕೆ ಹಾಜರಾಗಲು ಸೋಮವಾರವೇ ಕೊನೆಯ ದಿನ. ಆ ಬೆಳಿಗ್ಗೆ ಹನೂರಿನ ಬಸ್ಸು ಹಾರನ್ ಹೊಡೆದು ಊರು ದಾಟಿದಾಗ ಅವಳು ಮುದ್ದೆ ಮುರಿದು ಮಾವನ ಬಾಯಿಗಿಡುತ್ತಿದ್ದಳು. ಕೆಲಸ ಹೋಯಿತು. ಗಾಯದ ಮೇಲೆ ಬರೆ ಎಳೆದ ಹಾಗೆ, ಸಂಜೆ ಬಟ್ಟೆ ಒಗೆದುಕೊಂಡು ಬಂದು ನೋಡಿದರೆ ಎರಡನೇ ಅಂಕಿ ಐವತ್ತು ಸಾವಿರ. ಹಾಳಾಗಿ ಹೋಗಲಿ, ಗಂಡನನ್ನಾದರೂ ಉಳಿಸಿಕೊಳ್ಳಬೇಕಲ್ಲ!

ಮಂಗಳವಾರ ಎಣ್ಣೆ ತರುವ ನೆಪದಲ್ಲಿ ಹೊರಟವಳು ಊರ ತಿರುವಿನಲ್ಲೇ ಬಸ್ಸಿಳಿದಳು. ಇವತ್ತು ಆ ಪುಷ್ಪಳ ಜುಟ್ಟು ಹಿಡಿಯದೆ ಬಿಡುವುದಿಲ್ಲ ಎಂದುಕೊಂಡು ಹಿತ್ತಲ ದಾರಿ ಹಿಡಿದಳು.

ಬೇಲಿಯಾಚೆ ಪುಷ್ಪ ಅಕ್ಕಿ ಕೇರುತ್ತಾ ಕೂತಿದ್ದಳು.

ಮಾಲಿನಿ ಗಕ್ಕನೆ ನಿಂತಳು. ಕೋಣೆಯೊಳಗೆ ಗಂಟೆ ಟಣಟಣ ಹೊಡೆಯುತ್ತಿತ್ತು. ಗಂಡ ನಕ್ಕದ್ದು ಕೇಳಿಸಿತು. ಹಾಗಾದರೆ ಒಳಗಿರುವವಳು ಯಾರು? ಕಿಟಕಿಯ ಸರಳು ಹಿಡಿದು ಇಣುಕಿದಳು.

ಶಾಂತಮೂರ್ತಿ ಪಕ್ಕಕ್ಕೆ ನಿಂತು ತನ್ನ ಸರದಿ ಕಾಯುತ್ತಿದ್ದ. ಮೆಷಿನ್ನಿಗೆ ಆತುಕೊಂಡು ಎರಡೂ ಕೈಯಲ್ಲಿ ಪಟಪಟನೆ ಗುಂಡಿ ಒತ್ತುತ್ತಿದ್ದ ಕೆಂಪನಂಜಪ್ಪನವರು ಗೋಲಿಯಿಂದ ಕಣ್ಣು ಕೀಳದೆ ಮಗನಿಗೆ ಹೇಳಿದರು:

"ಸೋಮ್ವಾರ ಕಳೀತಲ್ಲ ಬುಡ್ಲಾ, ಇನ್ನೆಂಟು ದಿನ ಬುಟ್ಟು ನನ್ ಕೈ ವಾಸಿ ಆಯ್ತು ಅನ್ನವಾ."