ಪಟದ ಪಕ್ಕದ ಮೊಳೆ

ಬಾಣಂತನ ಮುಗಿಸಿಕೊಂಡು ಬಂದ ಯಾಸ್ನಾಳ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಜಾಮ್ ಬಾಟಲಿ. ಬಾಟಲಿಯಲ್ಲಿ ಜಾಮ್ ಇರಲಿಲ್ಲ. ಉದ್ದ ಕಾಲಿನ, ಮೈಮೇಲೆ ಪಟ್ಟೆಯಿದ್ದ ಜೇಡವೊಂದು ನಿಧಾನಕ್ಕೆ ಗಾಜು ಹತ್ತುತ್ತಿತ್ತು.

"ಅಯ್ಯೋ ದೇವ್ರೇ! ತವರಿಂದ ಜೇಡ ಹೊತ್ಕೊಂಡು ಬರೋ ಸೊಸೇನ ಈ ಕುರಿಕೊ ಊರಲ್ಲೇ ನಾನು ಕಂಡಿಲ್ಲ!" ಅತ್ತೆ ಎಲ್ಸಿರಾ ಪೊರಕೆ ಎತ್ತಿಕೊಂಡಳು.

"ಇದು ಹುಲಿಜೇಡ ಅತ್ತೆ, ನಮ್ಮ ತಂಟೆಗೆ ಬರಲ್ಲ. ವಿಷದ ಮೂಲೆಜೇಡಾನ ಹುಡುಕ್ಕೊಂಡು ಹೋಗಿ ತಿನ್ನುತ್ತೆ. ನೀವು ದಿನಾ ಬೆಳಿಗ್ಗೆ ಪೊರಕೇಲಿ ಹೊಡೆದು ಹಾಕೋದು ಈ ಹುಲಿಜೇಡಾನೇ."

"ನನ್ನ ಮನೇಲಿ ಮೂಲೆಜೇಡ ಎಲ್ಲಿಂದ ಬರ್ಬೇಕು? ನೆಲದ ಮೇಲೇ ರೊಟ್ಟಿ ಇಟ್ಕೊಂಡು ತಿನ್ನು, ಅಷ್ಟು ಚೊಕ್ಕ ಇದೆ."

"ಹಾಗಾದ್ರೆ ನಿಬಾಲ್ಡೊಗೆ ಕಚ್ಚಿದ್ದೇನು?"

ಎಲ್ಸಿರಾಳ ಮುಖ ಕೆಂಪಾಯಿತು. ಹೋದ ಬೇಸಿಗೆಯಲ್ಲಿ ಅವಳ ಮಗ ನಿಬಾಲ್ಡೊನ ತೊಡೆಗೆ ಮೂಲೆಜೇಡ ಕಚ್ಚಿತ್ತು. ಚುಕ್ಕೆಯಷ್ಟಿದ್ದ ಗಾಯ ಕಪ್ಪಾಗಿ ಕೊಳೆತು, ಆಸ್ಪತ್ರೆಯಲ್ಲಿ ಹಿಡಿ ಮಾಂಸ ಕತ್ತರಿಸಿ ತೆಗೆದಿದ್ದರು. ಇವತ್ತಿಗೂ ಕುಂಟುತ್ತಾನೆ. "ಅದು ಅವನು ಕೆಲಸ ಮಾಡೋ ಹಣ್ಣಿನ ಶೆಡ್ಡಿನ ಹುಳ. ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದಳು. ಅಷ್ಟೇ ಅಲ್ಲ, ಮಗನಿಗೆ ಕಚ್ಚಿದಾಗ ಶೆಡ್ಡಿನ ಮೇಸ್ತ್ರಿಯ ಮನೆ ಬಾಗಿಲಿಗೇ ಹೋಗಿ, ಅವನ ಹೆಂಡತಿ ಮಕ್ಕಳೆದುರಿಗೆ ಹಿಡಿಶಾಪ ಹಾಕಿ ಬಂದಿದ್ದಳು. ಅವಳು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಯಾಸ್ನಾ ವಾದಕ್ಕೆ ನಿಲ್ಲದೆ ಕೋಣೆಗೆ ಹೋದಳು. ಕಾರ್ಮೆನ್ ಮಾತೆಯ ದೊಡ್ಡ ಪಟದ ಕೆಳಗೇ ತೊಟ್ಟಿಲು ಸಿದ್ಧವಾಗಿತ್ತು. ಪಟದ ಹಿಂದೆ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಚರ್ಚಿನಿಂದ ತಂದ ತಾಳೆಗರಿಗಳು. ವರ್ಷ ತುಂಬಿದ ಗರಿಯನ್ನು ಊರವರೆಲ್ಲ ಸುಡುತ್ತಾರೆ. ಪಾದ್ರಿ ಆಶೀರ್ವದಿಸಿದ್ದಕ್ಕೆ ಬೆಂಕಿ ಇಡಲು ಎಲ್ಸಿರಾಗೆ ಮಾತ್ರ ಮನಸ್ಸು ಬಾರದು. ಹಳೆಯದರ ಮೇಲೆ ಹೊಸದು ಸಿಕ್ಕಿಸಿ ಸಿಕ್ಕಿಸಿ ಪಟವೇ ಮಣ್ಣಿನ ಗೋಡೆ ಬಿಟ್ಟು ಗೇಣು ಮುಂದಕ್ಕೆ ಬಾಗಿತ್ತು. ಪಕ್ಕದಲ್ಲೊಂದು ಮೊಳೆ. ಮಗನ ಕೆಲಸದ ಪ್ಯಾಂಟುಗಳ ಮೇಲೂ ಮಾತೆಯ ನೆರಳು ಬೀಳಲಿ ಎಂದು ಎಲ್ಸಿರಾ ತನ್ನ ಕೈಯಾರೆ ಹೊಡೆದದ್ದು. ಒಗೆದ ಪ್ಯಾಂಟೊಂದು ಈಗಲೂ ಅದರಲ್ಲಿ ತೂಗುತ್ತಿತ್ತು.

"ಈ ಪಟ ಇಳಿಸಿ ಹಿಂದೆ ಏನಿದೆ ನೋಡ್ತೀನಿ ಅತ್ತೆ."

"ನನ್ನ ಉಸಿರಿರೋವರೆಗೂ ಆಗಲ್ಲ. ಮೊಮ್ಮಗಳಿಗೆ ಈ ಮನೇಲಿ ಇದಕ್ಕಿಂತ ಭದ್ರವಾದ ಜಾಗ ಇಲ್ಲ ಅಂತಾನೇ ತೊಟ್ಟಿಲು ಇಲ್ಲಿಟ್ಟಿದ್ದು."

"ಆಗಲ್ಲ ಅಂದ್ರೆ ಸಂಜೆ ಬಸ್ಸಿಗೆ ಕೂಸನ್ನ ಎತ್ಕೊಂಡು ವಾಪಸ್ ಹೋಗ್ತೀನಿ."

"ಏನೇ, ಹೆದರಿಸ್ತೀಯಾ?"

"ಹೆದರಿಸ್ತಿಲ್ಲ. ನಂಗೇ ಹೆದರಿಕೆ ಅತ್ತೆ, ಜೀವ ಹೋಗೋವಷ್ಟು ಹೆದರಿಕೆ. ತಗೊಳ್ಳಿ, ಹಿಡ್ಕೊಳ್ಳಿ ಇವಳನ್ನ."

ಕೂಸು ತೋಳಿಗೆ ಬಂದಾಗ ಪೊರಕೆ ಬಿಡದೆ ಎಲ್ಸಿರಾಗೆ ಬೇರೆ ದಾರಿ ಇರಲಿಲ್ಲ. ಯಾಸ್ನಾ ತೊಟ್ಟಿಲನ್ನು ಬಾಗಿಲವರೆಗೆ ಎಳೆದಿಟ್ಟಳು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಕುರ್ಚಿ ಹತ್ತಿದಳು. ಶಿಲುಬೆಯ ಗುರುತು ಹಾಕಿ ಪಟವನ್ನು ಎತ್ತಿಯೇಬಿಟ್ಟಳು.

ಗರಿಗಳು ದಬದಬ ಉದುರಿದವು. ಅವುಗಳ ನಡುವಿನಿಂದ ಕಂದು ಬಣ್ಣದ ಮೂಲೆಜೇಡಗಳು ಗೋಡೆಯುದ್ದಕ್ಕೂ ಚೆಲ್ಲಾಪಿಲ್ಲಿಯಾಗಿ ಓಡಿದವು. ಎಲ್ಲಕ್ಕಿಂತ ದೊಡ್ಡದೊಂದು ಮಾತ್ರ ದಿನಾ ಓಡಾಡಿ ಅಭ್ಯಾಸವಾದ ದಾರಿ ಎಂಬಂತೆ ನೇರ ಮೊಳೆಯ ಬಳಿಗೆ ಹೋಯಿತು. ಅಲ್ಲಿಂದ ಪ್ಯಾಂಟಿನ ಸೊಂಟಕ್ಕೆ ಇಳಿದು ಒಳಗೆ ನುಸುಳಿತು.

ಎಲ್ಸಿರಾ ಕೂಸನ್ನು ಅವುಚಿಕೊಂಡು ತಾನೇ ಹೊಡೆದ ಆ ಮೊಳೆಯನ್ನೇ ನೋಡಿದಳು. ಯಾಸ್ನಾ ಚಪ್ಪಲಿ ತೆಗೆದುಕೊಂಡು ಗೋಡೆಯ ಮೇಲಿದ್ದವನ್ನು ಹೊಡೆದಳು, ಪ್ಯಾಂಟನ್ನು ಅಂಗಳಕ್ಕೆಸೆದು ತುಳಿದಳು.

ಮಧ್ಯಾಹ್ನ ಅಂಗಳದಲ್ಲಿ ಅಷ್ಟೂ ಗರಿಗೆ ಬೆಂಕಿ ಇಟ್ಟವಳು ಎಲ್ಸಿರಾನೇ. ಪಟ ಒರೆಸಿ ಮತ್ತೆ ತೂಗುಹಾಕಿದಳು. ಬಾಟಲಿಯ ಮುಚ್ಚಳ ತೆಗೆದು ಹುಲಿಜೇಡವನ್ನು ಪಟದ ಹಿಂದಕ್ಕೆ ಬಿಟ್ಟಳು. "ತಾಯೀ, ಕೆಲಸಕ್ಕೆ ಆಳು ಕೊಟ್ಟಿದೀನಿ. ಮೈಗಳ್ಳತನ ಮಾಡದ ಹಾಗೆ ನೋಡ್ಕೋ," ಎಂದಳು. ಯಾಸ್ನಾಗೆ ನಗು ಬಂತು, ಆದರೆ ಅತ್ತೆ ನಗಲಿಲ್ಲ.

ಸಂಜೆ ನಿಬಾಲ್ಡೊ ಕುಂಟುತ್ತಾ ಬಂದ. ಕೂಸಿನ ಕೆನ್ನೆಗೆ ಮುತ್ತಿಟ್ಟ. ಬಟ್ಟೆ ಬದಲಿಸಿ, ಕೆಲಸದ ಪ್ಯಾಂಟು ಸಿಕ್ಕಿಸಲು ನೋಡದೆಯೇ ಗೋಡೆಗೆ ಕೈ ಚಾಚಿದ. ಪ್ಯಾಂಟು ನೆಲಕ್ಕೆ ಬಿತ್ತು. ಗೋಡೆಯಲ್ಲಿ ತೂತು ಮಾತ್ರ ಇತ್ತು.

"ಮೊಳೆ ಎಲ್ಲಮ್ಮಾ?"

"ನಾನೇ ಕಿತ್ತೆ ಕಣೋ, ಗೋಡೆ ಮಣ್ಣು ಉದುರ್ತಿತ್ತು," ಯಾಸ್ನಾ ನಡುವೆ ಬಾಯಿ ಹಾಕಿದಳು.

"ನೀನು ಸುಮ್ನಿರು ಮಗಳೇ." ಎಲ್ಸಿರಾ ಮುಚ್ಚಿದ್ದ ಮುಷ್ಟಿಯನ್ನು ಮಗನೆದುರು ಬಿಚ್ಚಿದಳು. ಅಂಗೈಯಲ್ಲಿ ಸೊಟ್ಟಗಾದ ಮೊಳೆ ಇತ್ತು. "ನಾಳೆ ಶೆಡ್ಡಿಗೆ ನಾನೂ ಬರ್ತೀನಿ ನಿಬಾಲ್ಡೊ. ಆ ಮೇಸ್ತ್ರಿ ಮನೆ ಬಾಗಿಲಲ್ಲಿ ಒಂದು ಶಾಪ ಬಿಟ್ಟು ಬಂದಿದೀನಿ. ಅದು ನನ್ನ ಮನೇದು, ವಾಪಸ್ ತರ್ಬೇಕು."