ತೊಡೆಯ ಒಪ್ಪಿಗೆ

ಧಾರವಾಡದ ಆ ಶಾಲೆಯಲ್ಲಿ ಆಟದ ಪಿರಿಯಡ್ಡಿಗೆ ಮೊದಲು ಹಾಜರಿ ಕೂಗುವುದು ಮಕ್ಕಳದ್ದಲ್ಲ, ಅವರ ಸ್ನಾಯುಗಳದ್ದು. ಒಪ್ಪದ ಸ್ನಾಯುವನ್ನು ಯಾರೂ ಓಡಿಸುವಂತಿಲ್ಲ.

ಅಂದು ಉದ್ದ ಜಿಗಿತದ ತಂಡಕ್ಕೆ ಆಯ್ಕೆ. ಐಸಿರಿಗೆ ಹುಟ್ಟಿನಿಂದಲೇ ಟರ್ನರ್ ಸಿಂಡ್ರೋಮ್, ಎತ್ತರ ಬೆಳೆಯಗೊಡದ, ಹೃದಯಕ್ಕೂ ತೊಂದರೆ ತರಬಹುದಾದ ಸ್ಥಿತಿ. ಹನ್ನೆರಡು ತುಂಬಿದರೂ ಗೆಳತಿಯರ ಭುಜದಷ್ಟೇ ಎತ್ತರ. ಹೃದಯ ಪರೀಕ್ಷಿಸಿದ ಡಾಕ್ಟರು ಧಾರಾಳವಾಗಿ ಆಡಲಿ ಎಂದಿದ್ದರೂ, ತಾಯಿ ಶೈಲಜಾ ನೀರಿನ ಬಾಟಲಿ ಅವುಚಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದಳು.

“ಐಸಿರಿಯ ತೊಡಿ, ತಯಾರ್ ಅದಿಯೇನು?” ಎಂದರು ಕಸ್ತೂರಿ ಟೀಚರು.

“ಅವ್ವನ್ನ ಕೇಳ್ರಿ ಅಕ್ಕಾರ,” ಎಂದಿತು ತೊಡೆ. “ನಮ್ಮ ಮನ್ಯಾಗ ನಾವು ಮಾತಾಡೂದಿಲ್ಲ.”

ಉಳಿದ ತೊಡೆಗಳು ಕಿಸಕ್ಕೆಂದವು. ಐಸಿರಿ ತಾಯಿಯ ಕಡೆ ತಿರುಗಿದಳು.

“ಹೂಂ ಅನ್ನವ್ವಾ. ಈ ಸಲಾನೂ ಬ್ಯಾಡ ಅಂದ್ರ ನನ್ನ ತೊಡಿ ಇನ್ನ ಮುಂದ ಕೇಳೂದ ಬಿಡ್ತದ.”

ಶೈಲಜಾ ಬೇಡವೆನ್ನಲು ಬಾಯಿ ತೆರೆದಳು. ಆದರೆ ನಾಲಿಗೆಯೂ ಸ್ನಾಯುವೇ, ಅದು ಒಪ್ಪಲಿಲ್ಲ. ಎಲ್ಲರಿಗೂ ಕೇಳುವಂತೆ, “ಹುಷಾರು, ಹುಷಾರು ಅಂತ ದಿನಾ ಹೊರಳಿ ಹೊರಳಿ ಸಾಕಾಗೇದ್ರಿ. ಇವತ್ತ ನಾ ರಜಾ,” ಎಂದುಬಿಟ್ಟಿತು.

ಕತ್ತು ಮಾತ್ರ ಇನ್ನೂ ಅವಳ ಮಾತು ಕೇಳುತ್ತಿತ್ತು. ಅದನ್ನು ಅಡ್ಡಡ್ಡ ಆಡಿಸಬಹುದಿತ್ತು. ಮಗಳ ಮುಖ ನೋಡಿ, ಒಮ್ಮೆ ಕೆಳಗೆ ಬಾಗಿಸಿದಳು.

ಐಸಿರಿ ಓಡಿದಳು, ನಿಧಾನವಾಗಿ. ಜಿಗಿದು, ಎಲ್ಲರ ಗುರುತಿಗಿಂತ ಬಹಳ ಹಿಂದೆ ಮರಳಿನಲ್ಲಿ ಕುಕ್ಕರಿಸಿದಳು. ಶೈಲಜಾಳ ಕಾಲುಗಳು ಅವಳತ್ತ ಓಡಲು ಆಗಲೇ ಒಪ್ಪಿಗೆ ಕೊಟ್ಟಿದ್ದವು.

“ಇನ್ನೊಮ್ಮೆ,” ಎಂದಿತು ಐಸಿರಿಯ ತೊಡೆ, ಯಾರನ್ನೂ ಕೇಳದೆ.