ಗದ್ದಲವಿಲ್ಲದ ಚಿಪ್

ಹೃದಯವನ್ನೇ ಕೆಡಿಸುವ ಆ ಜ್ವರ ಬಂದುಹೋದ ಮೇಲೆ ಗದಗಿನಲ್ಲಿ ಅರ್ಧ ಜನ ಎದೆಗೆ ಪೆಟ್ಟಿಗೆ ಕಟ್ಟಿಕೊಂಡೇ ಬದುಕುತ್ತಿದ್ದರು. ಹೃದಯ ಬಡಿಯುವುದನ್ನು ಮರೆತರೆ ಪೆಟ್ಟಿಗೆ ವಿದ್ಯುತ್ತಿನ ಸಣ್ಣ ಪೆಟ್ಟು ಕೊಟ್ಟು ನೆನಪಿಸುತ್ತಿತ್ತು. ರಿಪೇರಿ ಅಂಗಡಿಯ ತಬಸ್ಸುಮ್, ಫಕೀರಪ್ಪ ಮಾಸ್ತರರ ಪೆಟ್ಟಿಗೆ ಬಿಚ್ಚಿ ನೋಡಿದಳು. ಬಡಿತದ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಆಪ್ ಆಂಪ್ ಚಿಪ್ ಕೆಟ್ಟಿತ್ತು. ಚಿಪ್ ಮಾಡುವ ಕಾರ್ಖಾನೆಗಳು ಎಂದೋ ಮುಚ್ಚಿದ್ದವು. ಹಳೆಯ ಟೇಪ್‌ರೆಕಾರ್ಡರ್‌ಗಳಿಂದ ಕಿತ್ತಿಟ್ಟ ಎರಡು ಮಾತ್ರ ಅವಳ ಬಳಿ ಉಳಿದಿದ್ದವು. ಒಂದನ್ನು ಎತ್ತಿ ಮಾಸ್ತರರ ಹೆಂಡತಿ ನೀಲವ್ವನಿಗೆ ತೋರಿಸಿದಳು.

"ಇದನ್ನ ಹಾಕಿದ್ರ ಬ್ಯಾಟರಿ ವಾರಗಟ್ಲೆ ಬರತೈತ್ರಿ ಅಕ್ಕಾ. ಆದ್ರ ಗದ್ದಲ ಭಾಳ, ಸಂಕೇತದಾಗ ಸುಳ್ಳು ಮಿಡಿತ ಸೇರತಾವು. ಆ ಗದ್ದಲನ ಬಡಿತ ಅಂತ ತಿಳಕೊಂಡು ಪೆಟ್ಟಿಗಿ ಸುಮ್ಮನ ಕುಂತ್ರ ಮುಗೀತು. ಇನ್ನೊಂದಕ್ಕ ಗದ್ದಲಿಲ್ಲ, ಆದ್ರ ನಾಕ್ ತಾಸಿಗೊಮ್ಮಿ ಬ್ಯಾಟರಿ ಬದಲಿ ಮಾಡಬೇಕು."

ಮಾಸ್ತರರ ಕೈಗಳು ಜ್ವರದಲ್ಲೇ ಸ್ವಾಧೀನ ತಪ್ಪಿದ್ದವು; ಬ್ಯಾಟರಿಯನ್ನು ಅವರೇ ಬದಲಿಸುವಂತಿರಲಿಲ್ಲ. ನೀಲವ್ವ, "ಗದ್ದಲಿಲ್ಲದ್ದನ್ನ ಹಾಕವಾ. ನಾ ಎಚ್ಚರಿರತೀನಿ," ಎಂದಳು.

ಎಂಟು ತಿಂಗಳು ಅವಳು ಎಚ್ಚರವಿದ್ದಳು. ಆಮೇಲೆ ಒಂದು ದಿನ ಒಬ್ಬಳೇ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ನಿನ್ನೆ ಮಧ್ಯಾಹ್ನ ಉಂಡು ಗ್ವಾಡಿಗೆ ಒರಗಿದ್ದೆ. ಕಣ್ಣು ಹತ್ತಿಬಿಡ್ತು. ಎದ್ದು ನೋಡಿದ್ರ ಮಾಸ್ತರು ತಣ್ಣಗಾಗಿದ್ರು. ಪೆಟ್ಟಿಗಿ ಕೆಟ್ಟಿತ್ತೇನು ನೋಡವಾ."

ತಬಸ್ಸುಮ್ ಬರಿದಾಗಿದ್ದ ಬ್ಯಾಟರಿ ತೆಗೆದು ಹೊಸದು ಹಾಕಿ ಪರೀಕ್ಷಿಸಿದಳು. ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ತಲೆ ಎತ್ತಿದಾಗ ನೀಲವ್ವ ಅವಳ ಮುಖವನ್ನೇ ನೋಡುತ್ತಿದ್ದಳು.

"ಚಿಪ್ ಕೆಟ್ಟಿತ್ರಿ ಅಕ್ಕಾ. ನಿಮ್ಮ ನಿದ್ದಿದಲ್ಲ, ನಂದ ತಪ್ಪು."

"ಹಂಗಾರ ನೀನ ಕೊಂದಿ," ಎಂದು ನೀಲವ್ವ ಚೀರಿದಳು.

ಮರುದಿನದಿಂದ ಆ ಓಣಿಯ ಯಾರೂ ತಬಸ್ಸುಮಳ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.